ಸಹಿ ಹಾಕಿದ ಗುಪ್ತ ಮತಗಳು

ಮೊನ್ನೆ ಯಲಹಂಕದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಕಾಫಿ ಕುಡಿಯುತ್ತಿದ್ದೆ. ಪಕ್ಕದಲ್ಲಿದ್ದವನ ಮೊಬೈಲಿನಿಂದ ಚಪ್ಪಾಳೆಯ ಸದ್ದು ಕೇಳಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಾಚಿಕೆ ಬಿಟ್ಟು ಬಗ್ಗಿ ನೋಡಿದೆ. ಜಗತ್ತಿನ ಫುಟ್‌ಬಾಲನ್ನು ಆಳುವ ಸಂಸ್ಥೆಗೆ ಅಧ್ಯಕ್ಷರು ಮತ್ತೆ ಆಯ್ಕೆಯಾಗಿದ್ದರು. ಎದುರಿಗೆ ಯಾರೂ ನಿಂತಿರಲಿಲ್ಲ, ಆದ್ದರಿಂದ ಮತದಾನವೂ ಇರಲಿಲ್ಲ. ಅಷ್ಟೊಂದು ದೇಶಗಳ ಪ್ರತಿನಿಧಿಗಳು ಚಪ್ಪಾಳೆ ತಟ್ಟಿದರು, ಮುಗಿಯಿತು. ಲಂಚದ ಕೊಳೆ ತೊಳೆದು ಎಲ್ಲವನ್ನೂ ಹೊಸದಾಗಿ ಕಟ್ಟುತ್ತೇವೆ ಎಂದಿದ್ದರಲ್ಲ, ಆ ತೊಳೆದ ಮೇಲಿನ ಚುನಾವಣೆ ಇದು.

ಇದರಲ್ಲಿ ಏನೋ ಇದೆ ಅಂದುಕೊಂಡೆ. ನೀವು ನನ್ನನ್ನು ಸಂಶಯದ ಪ್ರಾಣಿ ಎನ್ನಬಹುದು. ತಪ್ಪೇನಿಲ್ಲ, ನನಗೆ ಅನ್ನ ಕೊಡುತ್ತಿರುವುದೇ ಸಂಶಯ. ಹೆಸರಘಟ್ಟದ ಕಡೆ ಒಂದು ಡೇರಿಯ ಲ್ಯಾಬಿನಲ್ಲಿ ಹಾಲು ಪರೀಕ್ಷೆ ಮಾಡುವವನು ನಾನು. ನೀರು ಬೆರೆತಿದೆಯೇ, ಸಕ್ಕರೆ ಸೇರಿದೆಯೇ, ಸೋಡಾ ಬಿದ್ದಿದೆಯೇ ಎಂದು ನೋಡುವುದರಲ್ಲೇ ದಿನ ಹೋಗುತ್ತದೆ. ಹಾಲು ತಂದವರು ಜಾಸ್ತಿ ನಕ್ಕರೆ ಎರಡು ಸಲ ಪರೀಕ್ಷೆ ಮಾಡುತ್ತೇನೆ. ಒಮ್ಮೆ ಮಾವನ ಮನೆಯಿಂದ ಪ್ರೀತಿಯಿಂದ ಕಳಿಸಿದ ಹಾಲನ್ನೂ ಲ್ಯಾಬಿಗೆ ಒಯ್ದಿದ್ದೆ. ನನ್ನ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಹಾಲಿನಲ್ಲಿ ನೀರಿತ್ತು, ಅದು ಬೇರೆ ವಿಷಯ.

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ, ಬರಲಿ ಬಿಡಿ. ಅಪ್ಪ ಎರಡು ಹಸು ಕಟ್ಟಿಕೊಂಡು ಸೈಕಲ್ಲಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದರು. ಸಹಿ ಬರುತ್ತಿರಲಿಲ್ಲ, ಹೆಬ್ಬೆಟ್ಟು. ನನ್ನ ಬಿ.ಎಸ್ಸಿ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕದಲ್ಲೇ ಮೊಳೆ ಹೊಡೆದವರು ಅವರು. ಅಮ್ಮ ಈಗಲೂ ಶುಕ್ರವಾರ ಅದನ್ನೂ ಒರೆಸುತ್ತಾಳೆ.

ನಮ್ಮ ಬೀದಿಯ ಹುಡುಗರಿಗೆ ಆಗ ಒಂದು ಫುಟ್‌ಬಾಲ್ ಸಂಘವಿತ್ತು, ಈಗಲೂ ಇದೆ. ಆಗ ಅದರ ಅಧ್ಯಕ್ಷರು ಮುನಿರಾಜಣ್ಣ. ಹಿಂದೆ ರಾಗಿ ಬೆಳೆಯುತ್ತಿದ್ದ ಅವರ ಜಮೀನಿನಲ್ಲಿ ಈಗ ಲೇಔಟುಗಳಿವೆ; ನಾವು ಆಡುವ ಮೈದಾನ ಅವರು ಇನ್ನೂ ಸೈಟು ಮಾಡದೆ ಬಿಟ್ಟ ಒಂದು ತುಂಡು. ವರ್ಷಕ್ಕೊಂದು ಸಭೆ. ಯಾರೋ ಒಬ್ಬ ಎದ್ದು "ಅಣ್ಣಾನೇ ಇರ್ಲಿ" ಅನ್ನುತ್ತಿದ್ದ. ಚಪ್ಪಾಳೆ. ಆಮೇಲೆ ಖಾರಾಬಾತ್.

ನಾಲ್ಕು ವರ್ಷದ ಹಿಂದೆ ಪತ್ರಿಕೆಯಲ್ಲಿ ದೊಡ್ಡ ಸುದ್ದಿ ಬಂತು. ಆ ಜಾಗತಿಕ ಸಂಸ್ಥೆಯ ದೊಡ್ಡ ದೊಡ್ಡವರನ್ನು ಬೆಳ್ಳಂಬೆಳಿಗ್ಗೆ ಪೊಲೀಸರು ಹೋಟೆಲಿನಿಂದಲೇ ಎತ್ತಿಕೊಂಡು ಹೋಗಿದ್ದರು. ಮುಖ ಕಾಣದಂತೆ ಹೋಟೆಲಿನವರು ಬಿಳೀ ಬೆಡ್‌ಶೀಟು ಅಡ್ಡ ಹಿಡಿದಿದ್ದರು. ಮೈದಾನದ ಕಟ್ಟೆಯ ಮೇಲೆ ಕೂತು ನಾನು ಸುದ್ದಿಯನ್ನೆಲ್ಲ ಗಟ್ಟಿಯಾಗಿ ಓದಿದೆ. ನಮ್ಮ ಗೋಲ್‌ಕೀಪರ್ ಸೀನ, ನನ್ನ ಬಾಲ್ಯದ ಗೆಳೆಯ, ಈಗ ಸ್ಕೂಲ್ ವ್ಯಾನ್ ಓಡಿಸುತ್ತಾನೆ, ಫೋಟೋ ನೋಡಿ ಅಂದ:

"ಒಳ್ಳೇ ಶೀಟು ಮಗಾ. ನಮ್ಮನೇಲಿ ನೆಂಟ್ರು ಬಂದ್ರೂ ಇಂಥದ್ದು ಹಾಸಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಷ್ಟು ವರ್ಷ ಅದೇ ಅದೇ ಜನ ಕುರ್ಚಿಯಲ್ಲಿದ್ದರೆ ಹೀಗೇ ಆಗುವುದು ಎಂದು ಭಾಷಣ ಮಾಡಿದೆ. ಮುಂದಿನ ವರ್ಷ ಅಲ್ಲಿ ಹೊಸ ನಿಯಮ ಬಂತು: ಅಧ್ಯಕ್ಷರು ಹನ್ನೆರಡು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ನಾನು ಅಷ್ಟರವರೆಗೆ ಕಾದಿರಲಿಲ್ಲ. ಪೊಲೀಸರ ಸುದ್ದಿ ಬಂದ ತಿಂಗಳೇ ಮುನಿರಾಜಣ್ಣನ ಮನೆಗೆ ಹೋಗಿ, ನಮ್ಮಲ್ಲೂ ನಾಲ್ಕು ವರ್ಷಕ್ಕೊಮ್ಮೆ ಗುಪ್ತ ಮತದಾನ ಆಗಬೇಕು ಎಂದೆ.

"ಮಾಡ್ಲಾ, ಅದಕ್ಕೇನಂತೆ. ಓದಿರೋನು ನೀನು," ಅಂದರು.

ಅಷ್ಟು ಬೇಗ ಒಪ್ಪಿದ್ದೇ ನನಗೆ ಅನುಮಾನ ತಂದಿತು.

ಎದುರಿಗೆ ನಿಲ್ಲಲು ಯಾರೂ ಬರಲಿಲ್ಲ. ಕೊನೆಗೆ ಸೀನನನ್ನು ಹಿಡಿದೆ. "ನಾನ್ ಗೋಲಲ್ಲಿ ನಿಲ್ಲೋನು ಕಣೋ, ಎಲೆಕ್ಷನ್ನಿಗಲ್ಲ," ಎಂದ. ಕಾಡಿಸಿ ಒಪ್ಪಿಸಿದೆ. ಬೇಕರಿಯ ಕೇಕ್ ಡಬ್ಬಕ್ಕೆ ಸೀಳು ಮಾಡಿ ಮತಪೆಟ್ಟಿಗೆ ಮಾಡಿದೆ. ಒಂದೇ ಅಳತೆಯ ಖಾಲಿ ಚೀಟಿಗಳು, ಒಂದೇ ಬಣ್ಣದ ಪೆನ್ನು. ಒಬ್ಬೊಬ್ಬರೇ ಗೋಡೆಯ ಹಿಂದೆ ಹೋಗಿ ಬರೆದು ಹಾಕಿದರು. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಮತದಾನದ ಪೆಟ್ಟಿಗೆಯನ್ನು ಈ ದೇಶಕ್ಕೆ ತಂದವನೇ ನಾನು ಎಂಬಂತೆ ನಿಂತಿದ್ದೆ.

ಮೊದಲ ಚೀಟಿ ಬಿಚ್ಚಿದೆ. "ಮುನಿರಾಜಣ್ಣ. ಇಂತಿ ನಿಮ್ಮ ವೆಂಕಟೇಶ." ಎರಡನೆಯದರಲ್ಲಿ ಹೆಸರಿನ ಜೊತೆ ಫೋನ್ ನಂಬರೂ ಇತ್ತು. ಮೂರನೆಯವನು ಅಣ್ಣನಿಗೆ ನಮಸ್ಕಾರ ತಿಳಿಸಿ, ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಬರೆದಿದ್ದ. ಒಂದೊಂದಕ್ಕೂ ಸಹಿ!

"ಗುಪ್ತ ಮತದಾನ ಕಣ್ರೋ! ಸಹಿ ಯಾಕ್ರೋ ಹಾಕಿದ್ರಿ?" ಎಂದು ಕೂಗಿದೆ.

"ಮತ್ತೆ ನಾನೇ ಹಾಕಿದ್ದು ಅಂತ ಅಣ್ಣಂಗೆ ಹೆಂಗ್ ಗೊತ್ತಾಗ್ಬೇಕು?" ಎಂದ ವೆಂಕಟೇಶ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಸೀನನ ಚೀಟಿಯೂ ಬಂತು. "ಅಣ್ಣ, ನಾನು ನಿಂತಿದ್ದು ಇವನು ಹೇಳಿದ್ದಕ್ಕೆ. ನನ್ನ ಓಟು ನಿಮಗೇ. ಶ್ರೀನಿವಾಸ."

ಎಲ್ಲ ಮುಗಿದಾಗ ಸಹಿ ಇಲ್ಲದ ಚೀಟಿ ಒಂದೇ ಉಳಿಯಿತು. ಅದರಲ್ಲಿ ಸೀನನ ಹೆಸರಿತ್ತು. ಯಾರದೆಂದು ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

ಮುನಿರಾಜಣ್ಣ ಆ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಬಾರ್ಲಾ ಇಲ್ಲಿ," ಎಂದು ನನ್ನನ್ನು ಗೋಲ್ ಪೋಸ್ಟಿನ ಹಿಂದಕ್ಕೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕಾಲೇಜಲ್ಲಿ ಕ್ರೀಡಾ ಕೋಟಾ ಒಂದೇ ಸೀಟು ಇತ್ತು. ಜ್ಞಾಪಕ ಐತಾ?" ಎಂದರು.

"ಇದೆ ಅಣ್ಣ."

"ನಾಕು ಮ್ಯಾಚ್ ಆಡವ್ನೆ ಅಂತ ನಿನ್ನ ಕಾಗದಕ್ಕೆ ಸಹಿ ಹಾಕ್ದೆ. ನೀನು ಆಡಿದ್ದು ಎಷ್ಟ್ಲಾ?"

"ಒಂದು. ಕೊನೇ ಹತ್ತು ನಿಮಿಷ."

"ಎಲ್ಲಾ ಮ್ಯಾಚೂ ಆಡಿದ್ದು ಸೀನ. ಅವನೂ ಅದೇ ಸೀಟು ಕೇಳಿದ್ದ. ಅವನು ಓದೋನಲ್ಲ, ಸೇರಿ ಬಿಟ್ಬುಡ್ತಾನೆ, ಇವನಾದ್ರೆ ಉದ್ಧಾರ ಆಗ್ತಾನೆ ಅಂತ ಇಂಗೆ ಮಾಡ್ದೆ. ನಿಮ್ಮಪ್ಪ ಹಾಲು ಹಾಕೋಕೆ ಬಂದಾಗೆಲ್ಲ ನಿನ್ ಸೀಟಿಗೆ ಅಂತ ಬಾಗ್ಲಲ್ಲೇ ನಿಂತ್ಕೊಂಡಿರೋನು." ಚೀಟಿಯಿದ್ದ ಜೇಬು ತಟ್ಟಿ ಕೇಳಿದರು: "ಆವಾಗ ಯಾಕ್ಲಾ ಚೀಟಿ ಎತ್ತಾಣ ಅನ್ಲಿಲ್ಲ ನೀನು?"

ನನಗೆ ಗೊತ್ತಿರಲಿಲ್ಲ ಎಂದು ನಿಮಗೆ ಹೇಳಬಹುದು, ನೀವು ನಂಬಲೂಬಹುದು. ಆದರೆ ನಾನು ಆ ಕಾಗದವನ್ನು ಓದಿದ್ದೆ. ಓದಲು ಬರುತ್ತಿದ್ದವನು ನಮ್ಮ ಮನೆಯಲ್ಲಿ ನಾನೊಬ್ಬನೇ. ನಾಲ್ಕು ಎಂಬ ಅಂಕಿ ನೋಡಿ, ಮಡಿಸಿ, ಅಪ್ಪನ ಕೈಗೆ ಕೊಟ್ಟಿದ್ದೆ. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡಿದ್ದರು. ಊರಿನ ಹಾಲನ್ನೆಲ್ಲ ಶೋಧಿಸುವವನು ಆ ಒಂದು ಹಾಳೆಯನ್ನು ಏಳು ವರ್ಷ ಮುಟ್ಟಿರಲಿಲ್ಲ. ಅದಕ್ಕೆ ನಾನು ಇಟ್ಟುಕೊಂಡಿದ್ದ ಹೆಸರು ಉಪಕಾರ.

ಸಭೆಗೆ ವಾಪಸ್ ಬಂದು ಮುನಿರಾಜಣ್ಣ ಹೇಳಿದರು: "ಗೆದ್ದಿದ್ದೀನಿ. ಆದ್ರೂ ಕಾಲ ಬದಲಾಗ್ಬೇಕು. ಇನ್ಮೇಲೆ ಇವನೇ ಅಧ್ಯಕ್ಷ. ಓದಿರೋನು, ಕೈ ಸುದ್ಧ."

ಹುಡುಗರು ಚಪ್ಪಾಳೆ ತಟ್ಟಿದರು. ಬೇಡ ಎನ್ನಲು ನನಗೆ ಬಾಯಿ ಇರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಮನಸ್ಸೂ ಇರಲಿಲ್ಲ. ಹೀಗೆ ನಮ್ಮ ಸಂಘದಲ್ಲಿ ಸುಧಾರಣೆಯಾಯಿತು. ಆಮೇಲೆ ನಾಲ್ಕು ವರ್ಷ ಮುನಿರಾಜಣ್ಣ ಹೇಳಿದ ಯಾವುದಕ್ಕೂ ನಾನು ಇಲ್ಲ ಎಂದಿಲ್ಲ. ಮೈದಾನದ ಒಂದು ಅಂಚಿಗೆ ಸೈಟಿನ ಅಳತೆ ಕಲ್ಲು ಬಂದಾಗಲೂ.

ಈ ಭಾನುವಾರ ನನ್ನ ನಾಲ್ಕು ವರ್ಷ ಮುಗಿಯುತ್ತದೆ. ಎದುರಿಗೆ ಯಾರೂ ಇರಲಿಲ್ಲ. "ನೀನೇ ಇರು ಗುರು" ಎಂದು ಹುಡುಗರು ಆಗಲೇ ಹೇಳಿದ್ದರು. ನಾನು ಆ ದಿನಕ್ಕೆಂದು ಬಿಳೀ ಶರ್ಟು ಇಸ್ತ್ರಿಗೂ ಕೊಟ್ಟಿದ್ದೆ. ಮೊನ್ನೆ ಪಕ್ಕದವನ ಮೊಬೈಲಿನಲ್ಲಿ ಆ ಪರದೇಶದ ಅಧ್ಯಕ್ಷರು ನಗುನಗುತ್ತ ನಿಂತಿದ್ದನ್ನು ನೋಡಿ ಕಾಫಿ ಅರ್ಧಕ್ಕೇ ಬಿಟ್ಟೆ. ನೇರ ಸೀನನ ಮನೆಗೆ ಹೋದೆ.

ಅವನು ವ್ಯಾನ್ ತೊಳೆಯುತ್ತಿದ್ದ. ಆ ಕೋಟಾ ಕಾಗದದ ವಿಷಯವನ್ನೆಲ್ಲ ನಿಂತಲ್ಲೇ ಹೇಳಿದೆ. ಅವನು ಬಟ್ಟೆ ಹಿಂಡುತ್ತಲೇ ಕೇಳಿಸಿಕೊಂಡ.

"ಎಷ್ಟು ಆಡ್ದೆ ಅಂದೆ?"

"ಕೊನೇ ಹತ್ತು ನಿಮಿಷ."

"ಹತ್ತಲ್ಲ, ಆರು. ಗೋಲಲ್ಲಿ ನಿಂತು ನೋಡ್ತಿದ್ದೆ ನಾನು."

"ನೀನು ಸೇರಿದ್ರೂ ಬಿಟ್ಬಿಡ್ತಿದ್ದೆ ಅಂತ ಮುನಿರಾಜಣ್ಣ..." ಎಂದು ತೊದಲಿದೆ.

"ಬಿಡ್ತಿದ್ನೇನೋ. ಆದ್ರೆ ಬಿಡೋನು ನಾನಾಗ್ಬೇಕಿತ್ತು, ಅಲ್ವಾ?" ಗಾಜಿನ ಮೇಲಿನ ಸೋಪಿನ ನೊರೆಯನ್ನು ಒರೆಸಿದ. "ಭಾನುವಾರ ನಾನೂ ನಿಲ್ತೀನಿ."

"ನಿಲ್ಲೋ, ಖಂಡಿತ ನಿಲ್ಲು. ನಾನೇ ಹೇಳೋಣ ಅಂತ..."

"ನೀನ್ ಹೇಳಿದ್ದಕ್ಕಲ್ಲ," ಎಂದ.

ಅಲ್ಲಿಂದ ಮನೆಗೆ ಬರುವಷ್ಟರಲ್ಲಿ ಯಾರು ನನಗೆ ಹಾಕುತ್ತಾರೆ, ಯಾರು ಅವನಿಗೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ವೆಂಕಟೇಶನವರೆಗೆ ಬಂದು ನಿಂತೆ. ಗೊತ್ತಾಗಲಿಲ್ಲ. ನಮ್ಮ ಸಂಘದಲ್ಲಿ ಯಾರು ಗೆಲ್ಲುತ್ತಾರೆಂದು ಗೊತ್ತಿಲ್ಲದೆ ಇರುವುದು ಇದೇ ಮೊದಲು.

ನಿನ್ನೆ ಸಂಜೆ ಸೀನ ಮನೆಗೆ ಬಂದ. ಯಾವತ್ತೂ ಅಡುಗೆಮನೆವರೆಗೆ ನುಗ್ಗುವವನು ಹೊಸಿಲಾಚೆ ಚಪ್ಪಲಿ ಬಿಟ್ಟು ಅಲ್ಲೇ ನಿಂತ. ನನ್ನ ಹೆಂಡತಿ ತಂದ ಕಾಫಿ ಬೇಡ ಎಂದ. ಕೈ ಮುಗಿದ.

"ಭಾನುವಾರ ಎಲೆಕ್ಷನ್ನಿಗೆ ನಿಂತಿದ್ದೀನಿ ಸಾರ್. ನಿಮ್ಮ ಓಟು ನಂಗೆ ಕೊಡ್ಬೇಕು."

ಈಗ ನಗುತ್ತಾನೆ, ಈಗ "ಮಗಾ" ಎನ್ನುತ್ತಾನೆ ಎಂದು ಅವನ ಮುಖವನ್ನೇ ನೋಡುತ್ತಿದ್ದೆ. ನಗಲಿಲ್ಲ. ಪಕ್ಕದ ಮನೆಯ ಬಾಗಿಲಿಗೆ ಹೋಗಿ ಬೆಲ್ ಒತ್ತಿದ.