ರೇಣುಕಾಳ ಹೆಸರಿನ ವಿದ್ಯಾರ್ಥಿವೇತನ, ತಡವಾಗಿ ಬಂದ ಹುಡುಗಿ

“ಹೊತ್ತಿಗೆ ಸರಿಯಾಗಿ ಬರದ ಹುಡಗಿಗೆ ಕೊಡೂದು ಬ್ಯಾಡ್ರಿ. ಬ್ಯಾರೆ ಯಾರಿಗರೆ ಕೊಟ್ಟು ಮುಗಸ್ರಿ” ಎಂದು ಮುಖ್ಯ ಅತಿಥಿಗಳು ಇಂದು ರಾಮದುರ್ಗದ ವೇದಿಕೆಯ ಮೇಲೆ ನನ್ನ ಕಿವಿಯಲ್ಲಿ ಹೇಳಿದರು, ಗೆಳೆಯರೇ.

ಅದು ನಮ್ಮ ಸಹಪಾಠಿ ರೇಣುಕಾಳ ನೆನಪಿನಲ್ಲಿ ನಾವು ಕೆಲವರು ಸೇರಿ ಕೊಡುವ ವಿದ್ಯಾರ್ಥಿವೇತನ. ಊರಿನ ಚಹಾದಂಗಡಿಯಲ್ಲಿ ದಲಿತ ಕೇರಿಯವರಿಗೆ ಬೇರೆ ಲೋಟ ಇಟ್ಟಿದ್ದನ್ನು ಕಂಡು, “ನನಗೂ ಅದರಾಗ ಕೊಡ್ರಿ” ಎಂದು ಅಂಗಡಿಯವನು ಆ ಲೋಟಗಳನ್ನು ತೆಗೆಯುವವರೆಗೂ ದಿನಾ ಹೋಗಿ ಕುಳಿತವಳು ಅವಳು. ಓದು ಮುಗಿಯುವ ಮೊದಲೇ ಕಾಯಿಲೆಯಿಂದ ತೀರಿಕೊಂಡಳು.

ಈ ಸಲ ಆಯ್ಕೆಯಾದವಳು ಸಿರಸಂಗಿಯ ಸವಿತಾ. ಭಾಷಣಗಳೆಲ್ಲ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದಳು. ಅತಿಥಿಗಳು ಮೈಕಿನಲ್ಲೇ ಕಾರಣ ಕೇಳಿದರು.

“ಟಂಟಂ ಆಟೋದಾಗ ದವಾಖಾನಿಗೆ ಹೊಂಟಿದ್ದ ಒಬ್ಬಾಕಿ ಮುದುಕಿ ಆಯಿನ್ನ ಕೇರಿಯಾಕಿ ಅಂತ ಸೀಟಿನಿಂದ ಎಬ್ಬಿಸಿ ಕೆಳಗ ಕುಂಡ್ರಿಸಿದ್ರು ಸರ್. ಯಾಕಂತ ಕೇಳಿದ್ದಕ್ಕ ನಮ್ಮಿಬ್ಬರನ್ನೂ ದಾರ್ಯಾಗ ಇಳಿಸಿ ಹ್ವಾದ್ರು. ಮುಂದಿನ ಬಸ್ಸು ಹಿಡದು, ಆಯಿನ್ನ ದವಾಖಾನಿಗೆ ಮುಟ್ಟಿಸಿ ಬಂದೆ.”

ರೇಣುಕಾಳ ತಾಯಿ ಕಸ್ತೂರೆವ್ವ ಎದ್ದು ಬಂದು ಸವಿತಾಳ ಕೈ ಹಿಡಿದು ವೇದಿಕೆಯ ನಡುವೆ ನಿಲ್ಲಿಸಿದರು. “ಇಕಿಗೇ ಕೊಡ್ರಿ ಸರ್. ನಮ್ಮ ರೇಣುಕಾನೂ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಮುಟ್ಟಿದಾಕಿ ಅಲ್ಲ. ದಾರ್ಯಾಗ ಇಂಥಾದೊಂದು ಜಗಳ ಇದ್ದೇ ಇರತಿತ್ತು” ಎಂದು ನಕ್ಕರು. ನಮಗೆಲ್ಲ ಎದೆ ಉಬ್ಬಿತು. ಅತಿಥಿಗಳೇ ಮೊದಲು ಚಪ್ಪಾಳೆ ತಟ್ಟಿದರು.

ಮುಂದಿನ ವರ್ಷದಿಂದ ಅತಿಥಿಗಳಿಗೆ ಮಾತ್ರ ಸಮಯ ಹೇಳೋಣ ಎಂದುಕೊಂಡಿದ್ದೇವೆ. ವಿದ್ಯಾರ್ಥಿವೇತನ ಪಡೆಯುವವರು ತಮ್ಮ ಕೆಲಸ ಮುಗಿಸಿಕೊಂಡೇ ಬರಲಿ.