ತಾಳಿ ಬಿಚ್ಚಿಟ್ಟು ಕಲಿತ ವಿದ್ಯೆ

ಆಪರೇಷನ್ ಆದ ಮೇಲೆ ನನ್ನ ಗಂಡ ಸುಳ್ಳು ಹೇಳುವುದನ್ನು ಕಲಿತರು. ಹುಣಸೂರಿನಿಂದ ಮಡಿಕೇರಿಗೆ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ. ಅಲ್ಲಿಯವರೆಗೆ ಸುಳ್ಳು ಹೇಳಿದ್ದೇ ಇಲ್ಲ, ಯಾಕೆಂದರೆ ಮಾತೇ ಆಡುತ್ತಿರಲಿಲ್ಲ. ಈಗ ಯಾರಾದರೂ ಗೃಹಪ್ರವೇಶಕ್ಕೆ ಕರೆದರೆ ಇವರಿಗೆ ಮಂಡಿನೋವು, ನಾಮಕರಣಕ್ಕೆ ಕರೆದರೆ ನಾಯಿಗೆ ಹುಷಾರಿಲ್ಲ, ತಿಥಿಗೆ ಕರೆದರೆ ನನಗೇ ಜ್ವರ. ನಮ್ಮ ನಾಯಿಗೆ ಆ ವರ್ಷ ಬಂದಷ್ಟು ಕಾಯಿಲೆ ಹುಣಸೂರಿನ ಯಾವ ದನಕ್ಕೂ ಬಂದಿರಲಿಕ್ಕಿಲ್ಲ.

ನಿಜ ಏನೆಂದರೆ, ಪ್ರಾಸ್ಟೇಟ್ ಆಪರೇಷನ್ನಿನ ನಂತರ ಅವರಿಗೆ ಮೂತ್ರ ನಿಲ್ಲುತ್ತಿರಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಹೋಗಬೇಕು, ಒಮ್ಮೊಮ್ಮೆ ಏಳುವಷ್ಟೂ ಸಮಯ ಇಲ್ಲ. ಇದು ಗೊತ್ತಿದ್ದದ್ದು ಡಾಕ್ಟರಿಗೆ ಮತ್ತು ನಮ್ಮಿಬ್ಬರಿಗೆ. ಪಿರಿಯಾಪಟ್ಟಣದ ಒಂದು ಗೃಹಪ್ರವೇಶದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾಗಲೇ ಹಾಗಾಯಿತು. ಅವರ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು ಅವರ ಮಡಿಲಿಗೆ ಪೂರ್ತಿ ಚೆಲ್ಲಿಬಿಟ್ಟೆ. ಎಲ್ಲರೂ ನನ್ನನ್ನೇ ಬೈದರು, ಟೀಚರಮ್ಮನಿಗೆ ಕೈಯಲ್ಲಿ ಒಂದು ಲೋಟ ನಿಲ್ಲೋದಿಲ್ಲ ಅಂತ. ಇವರು ಮನೆಗೆ ಬಂದವರು ಮತ್ತೆ ಗೇಟು ದಾಟಲಿಲ್ಲ. ಮಜ್ಜಿಗೆ ಕೈಜಾರಿ ಬಿತ್ತೆಂದೇ ಅವರೂ ನಂಬಿದ್ದಾರೆ ಎಂದುಕೊಂಡು ನಾನೂ ಸುಮ್ಮನಾದೆ.

ಹೀಗಿರುವಾಗ ಸರಗೂರಿನಿಂದ ಅವರ ತಂಗಿಯ ಫೋನು ಬಂತು. ಗಂಡನನ್ನು ಕಳೆದುಕೊಂಡವಳು, ಇರುವವಳು ಒಬ್ಬಳೇ ಮಗಳು. ಆ ಮಗಳಿಗೆ ಮದುವೆ ಗೊತ್ತಾಗಿದೆ, ಅಣ್ಣ ಅತ್ತಿಗೆ ಬಂದು ಧಾರೆ ಎರೆದುಕೊಡಬೇಕು. ಇವರು ಮಂಡಿನೋವು ಅಂದರು. ಚಿಕ್ಕಪ್ಪನ ಮಗ ಇದ್ದಾನಲ್ಲ, ಅವನೇ ಎರೆಯಲಿ ಅಂದರು. ಆ ಕಡೆಯಿಂದ ಫೋನು ಕಟ್ಟಾಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಎಲ್ಲರಿಗೂ ಗೊತ್ತು. ಅವತ್ತು ಮಾತ್ರ ಯಾರನ್ನು ಬೈಯಬೇಕೆಂದು ತಿಳಿಯದೆ ನಾಯಿಯನ್ನು ಬೈದೆ.

ಆ ತಿಂಗಳೇ ಹಂಪಾಪುರದ ನೆಂಟರ ಮನೆಗೆ ಹೋಗಿದ್ದೆ. ಅವರ ಹೊಲದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕ, ಜೀಪಿನ ಹಿಂದೆ ಕಟ್ಟಿ ಎಳೆಯುವಂಥ ಒಂದು ಗಾಡಿಮನೆ ನಿಂತಿತ್ತು. ಕಬಿನಿ ಹಿನ್ನೀರಿನ ಹತ್ತಿರ ಪ್ರವಾಸಿಗಳಿಗೆಂದು ಯಾರೋ ತಂದು, ನಡೆಸಲಾರದೆ ಬಿಟ್ಟುಹೋದದ್ದಂತೆ. ಈಗ ಕೋಳಿಗಳು ವಾಸವಾಗಿದ್ದವು. ಇಣುಕಿ ನೋಡಿದೆ. ಒಂದು ಮಂಚ, ಅಂಗೈಯಗಲದ ಸಿಂಕು, ಮೂಲೆಯಲ್ಲಿ ಬೀರುವಿನ ಬಾಗಿಲಿನಷ್ಟೇ ಕಿರಿದಾದ ಬಾಗಿಲು. ತೆಗೆದರೆ ಒಳಗೆ ಕಕ್ಕಸು. ಕಕ್ಕಸು ನೋಡಿ ದೇವರು ಕಂಡಂತಾಯಿತು ಎಂದು ಹೇಳಬಾರದು, ಆದರೆ ನನಗೆ ಹಾಗೇ ಆಯಿತು. ಚೌಲ್ಟ್ರಿಯ ಹಿಂದೆ ಇದನ್ನು ನಿಲ್ಲಿಸಿದರೆ ಈ ಮನುಷ್ಯ ಧೈರ್ಯವಾಗಿ ಧಾರೆಗೆ ನಿಲ್ಲಬಹುದಲ್ಲ. ನೆಂಟರ ಟ್ರ್ಯಾಕ್ಟರಿಗೇ ಕಟ್ಟಿಸಿಕೊಂಡು ಮನೆಗೆ ತಂದೆ. ಗಂಡ ಕಿಟಕಿಯಿಂದ ನೋಡಿ, ಪರದೆ ಎಳೆದುಕೊಂಡರು.

ಅದರಲ್ಲಿ ಒಂದು ವಸ್ತುವೂ ಕೆಲಸ ಮಾಡುತ್ತಿರಲಿಲ್ಲ. ಪ್ಲಂಬರ್ ಬಂದು ಬಗ್ಗಿ ನೋಡಿ, ಇದು ಮನೆಯೂ ಅಲ್ಲ ಬಸ್ಸೂ ಅಲ್ಲ ಎಂದು ಹೋದ. ಎಲೆಕ್ಟ್ರಿಷಿಯನ್ ಬಗ್ಗಲೂ ಇಲ್ಲ. ಕೊನೆಗೆ ಪೇಟೆಯ ಬ್ಯಾಟರಿ ಅಂಗಡಿಯ ಹಿರಿಯರೊಬ್ಬರ ಹತ್ತಿರ ಹೋದೆ. ಕೇರಳದಿಂದ ಬಂದು ನಮ್ಮೂರಲ್ಲಿ ನೆಲೆಸಿದವರು, ಹರೆಯದಲ್ಲಿ ಅಲ್ಲಿಯ ದೋಣಿಮನೆಗಳಿಗೆ ವೈರಿಂಗು, ಪೈಪು ಎಲ್ಲ ಮಾಡಿದ್ದವರು. ದೋಣಿಮನೆಯೂ ಗಾಡಿಮನೆಯೂ ಒಂದೇ ಜಾತಿ ಅಂದರು. ಆದರೆ ತಾವು ಬಂದು ಮಾಡಿಕೊಡಲು ಒಪ್ಪಲಿಲ್ಲ. "ನಾನು ಮಾಡಿಕೊಟ್ಟರೆ, ದಾರೀಲಿ ಕೆಟ್ಟಾಗ ಯಾರನ್ನು ಕರೀತೀರಿ ಟೀಚರೇ? ನೀವೇ ಕಲೀರಿ" ಅಂದರು.

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಓಮನ ನಿಯಮವನ್ನು ನಿದ್ದೆಯಲ್ಲೂ ಬೋರ್ಡಿನ ಮೇಲೆ ಬರೆಯುತ್ತೇನೆ. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ ಎಂಬ ಗಾದೆಯ ಅರ್ಥ ತಿಳಿದದ್ದು ಮಾತ್ರ ಅರವತ್ತು ದಾಟಿದ ಮೇಲೆ. ಮೊದಲ ದಿನವೇ ನಮ್ಮ ಪಂಪ್‌ಸೆಟ್ಟಿನ ಟೆಸ್ಟರ್ ತಂದು ಗಾಡಿಮನೆಯ ಪ್ರತಿಯೊಂದು ವೈರಿಗೂ ಮುಟ್ಟಿಸಿದೆ. ಎಲ್ಲೂ ಕೆಂಪು ದೀಪ ಹತ್ತಲಿಲ್ಲ. ಕರೆಂಟೇ ಇಲ್ಲವೆಂದು ತೀರ್ಮಾನಿಸಿ, ಅರ್ಧ ಗಾಡಿಯ ವೈರು ಕಿತ್ತು ಹಾಸಿಗೆಯ ಮೇಲೆ ರಾಶಿ ಹಾಕಿದೆ. ಬ್ಯಾಟರಿ ಅಂಗಡಿಯ ಗುರುಗಳು ಕೇಳಿ ತಲೆ ಚಚ್ಚಿಕೊಂಡರು. ಆ ಟೆಸ್ಟರ್ ಇರುವುದು ಮನೆಯ ಕರೆಂಟಿಗೆ. ಬ್ಯಾಟರಿಯ ಹನ್ನೆರಡು ವೋಲ್ಟು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಗಾಡಿಮನೆಯಲ್ಲಿ ಎರಡು ಕರೆಂಟು. ಹೊರಗಿನ ಪ್ಲಗ್ಗಿನಿಂದ ಬರುವ ಮನೆಯ ಕರೆಂಟು ಬ್ಯಾಟರಿಯನ್ನು ತುಂಬಿಸುತ್ತದೆ. ದೀಪ, ಪಂಪು ನಡೆಸುವುದು ಬ್ಯಾಟರಿ. ಇಷ್ಟನ್ನು ತಿಳಿದುಕೊಳ್ಳಲು ನನಗೆ ಒಂದು ವಾರ, ಕಿತ್ತ ವೈರನ್ನು ಮತ್ತೆ ಹಾಕಲು ಎರಡು ವಾರ ಹಿಡಿಯಿತು.

ನೀರಿನ ಪಾಠವೂ ಅಷ್ಟೇ. ಮಂಚದ ಕೆಳಗೆ ಒಳ್ಳೆ ನೀರಿನ ಟ್ಯಾಂಕು. ನಲ್ಲಿ ತಿರುಗಿಸಿದರೆ ಪಂಪು ತಾನಾಗಿ ಓಡಬೇಕು, ಮುಚ್ಚಿದರೆ ನಿಲ್ಲಬೇಕು. ನನ್ನ ಪಂಪು ನಲ್ಲಿ ಮುಚ್ಚಿದ್ದರೂ ಆಗಾಗ ಗೊರ್ ಅನ್ನುತ್ತಿತ್ತು. ಹಾಗೆ ಅಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮನೆಯ ಪೈಪಿಗೆ ಹಚ್ಚುವ ಗೋಂದನ್ನೇ ಹಚ್ಚಿ, ಪರೀಕ್ಷೆಗೆಂದು ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಕಟ್ಟಿಸಿ ಲಕ್ಷ್ಮಣತೀರ್ಥದ ಸೇತುವೆಯವರೆಗೆ ಹೋಗಿ ಬಂದೆ. ಕೀಲು ಬಿಟ್ಟುಕೊಂಡು ಹಾಸಿಗೆ ಪೂರ್ತಿ ಹಸಿಯಾಗಿತ್ತು. ಮನೆ ನಿಂತಿರುತ್ತದೆ, ಇದು ಅಲುಗಾಡುತ್ತದೆ, ಇದಕ್ಕೆ ಬಾಗುವ ಪೈಪೇ ಬೇಕು ಎಂದರು ಗುರುಗಳು. ಎಲ್ಲ ಬದಲಾಯಿಸಿದೆ. ಕಕ್ಕಸಿನ ಟ್ಯಾಂಕು ಒಂದೇ ಸಮ ನಾರುತ್ತಿದ್ದದ್ದಕ್ಕೆ ಕಾರಣ ಚಾವಣಿಗೆ ಹೋಗುವ ಗಾಳಿಪೈಪಿನಲ್ಲಿ ಕಣಜ ಕಟ್ಟಿದ್ದ ಮಣ್ಣಿನ ಗೂಡು. ಅದನ್ನು ತೆಗೆದ ದಿನ ಹೊಸದಾಗಿ ಕೆಲಸಕ್ಕೆ ಸೇರಿದವಳಂತೆ ಬೀಗಿದೆ. ಇಷ್ಟೆಲ್ಲ ಆಗುತ್ತಿದ್ದರೂ ಗಂಡ ಕಿಟಕಿಯ ಪರದೆ ಸರಿಸಲಿಲ್ಲ.

ಬ್ಯಾಟರಿ ಇದ್ದದ್ದು ಗಾಡಿಮನೆಯ ಒಳಗೆ, ಬಾಗಿಲ ಪಕ್ಕ, ನೆಲಮಟ್ಟದ ಒಂದು ಪೆಟ್ಟಿಗೆಯಲ್ಲಿ, ಪೂರ್ತಿ ಬಗ್ಗಿಯೇ ಕೆಲಸ ಮಾಡಬೇಕು. ಗುರುಗಳು ತಮ್ಮ ಬೆರಳಿನ ಸುತ್ತ ಇದ್ದ ಸುಟ್ಟ ಗಾಯದ ಕಲೆ ತೋರಿಸಿದ್ದರು. ಉಂಗುರ ಹಾಕಿಕೊಂಡು ಬ್ಯಾಟರಿ ಮುಟ್ಟಿದ್ದಕ್ಕೆ ಉಳಿದ ಗುರುತು. "ಹನ್ನೆರಡು ವೋಲ್ಟು ಶಾಕ್ ಹೊಡೆಯಲ್ಲ ಟೀಚರೇ, ಸುಡುತ್ತೆ. ಕೈಯಲ್ಲಿ, ಕೊರಳಲ್ಲಿ ಇರೋದನ್ನೆಲ್ಲ ತೆಗೆದಿಡಿ" ಅಂದವರು, ಕೊರಳು ಎಂದದ್ದಕ್ಕೆ ತಾವೇ ಮುಜುಗರಪಟ್ಟು ತಲೆ ತಗ್ಗಿಸಿದರು. ಚಿನ್ನದ ಬಳೆ ತೆಗೆದಿಟ್ಟೆ, ಗಾಜಿನದು ಉಳಿಸಿಕೊಂಡೆ. ತಾಳಿ ತೆಗೆಯಲು ಮನಸ್ಸು ಬರಲಿಲ್ಲ. ಕ್ಲಾಸಿನಲ್ಲಿ ಗ್ರಹಣದ ಪಾಠ ಮಾಡಿ, ಮೂಢನಂಬಿಕೆ ಬಿಡಿ ಎಂದು ಕೂಗುತ್ತಿದ್ದವಳೇ ನಾನು. ಆದರೂ ಗಂಡ ಬದುಕಿರುವಾಗ ತಾಳಿ ಬಿಚ್ಚುವುದು ಎಂದರೆ ಬೇರೆ ಮಾತು. ರವಿಕೆಯೊಳಗೆ ಸಿಕ್ಕಿಸಿಕೊಂಡು ಬಗ್ಗಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಅದು ಜಾರಿ ಹೊರಬಂದು ಬ್ಯಾಟರಿಯ ಎರಡು ತುದಿಗೂ ತಗುಲಿತು. ಚಟ್ ಎಂದು ಕಿಡಿ. ಹಿಂದಕ್ಕೆ ಬಿದ್ದೆ. ತಾಳಿಯ ಒಂದು ಗುಂಡಿನ ಮೇಲೆ ಕಡಲೆಯಷ್ಟು ಕಪ್ಪು ಕಲೆ.

ಸದ್ದಿಗೆ ಗಂಡ ಮನೆಯ ಬಾಗಿಲಿಗೆ ಬಂದರು. ನಾನು ನೆಲದ ಮೇಲೆ ಕೂತು ತಾಳಿ ಬಿಚ್ಚುತ್ತಿದ್ದೆ. ಎಷ್ಟೋ ದಿನಗಳ ಮೇಲೆ ಅವರಾಗಿಯೇ ಬಾಯಿ ತೆರೆದರು.

"ನಾನಿನ್ನೂ ಸತ್ತಿಲ್ಲ ಕಣಮ್ಮಿ."

"ಸತ್ತಿಲ್ಲ ಅಂದ್ರೆ ಈಚೆ ಬಂದು ಇದ್ನ ಇಟ್ಕಂಡು ಕೂತ್ಕಳಿ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ಒಳಗೆ ಹೋದರು. ಆಮೇಲೆ ಕುರ್ಚಿ ಎಳೆದುಕೊಂಡು ಬಂದು, ಗಾಡಿಮನೆಯ ನೆರಳಲ್ಲಿ ಕೂತು, ಅಂಗೈ ಚಾಚಿದರು. ತಾಳಿಯನ್ನು ಮೊಳೆಗೆ ನೇತುಹಾಕುವಂತಿಲ್ಲ, ನೆಲಕ್ಕಿಡುವಂತಿಲ್ಲ, ಕಟ್ಟಿದವರ ಕೈಯಲ್ಲಿದ್ದರೆ ಯಾವ ದೋಷವೂ ಇಲ್ಲ. ಅವತ್ತಿನಿಂದ ಇದೇ ಏರ್ಪಾಡಾಯಿತು. ನಾನು ಸ್ಪ್ಯಾನರ್ ಹಿಡಿದರೆ ಅವರು ಕುರ್ಚಿ ತರಬೇಕು. ಅರ್ಧ ಗಂಟೆಗೊಮ್ಮೆ ತಾಳಿಯನ್ನು ನನಗೆ ಕೊಟ್ಟು ಒಳಗೆ ಹೋಗಿ ಬರುತ್ತಿದ್ದರು. ನಾನು ಅಷ್ಟು ಹೊತ್ತು ಕೆಲಸ ನಿಲ್ಲಿಸಿ ಕಾಯುತ್ತಿದ್ದೆ. ಮೊದಮೊದಲು ಸುಮ್ಮನೆ ಕೂರುತ್ತಿದ್ದವರು ಆಮೇಲೆ ತಪ್ಪು ಹುಡುಕತೊಡಗಿದರು. ಪಂಪು ಯಾಕೋ ನಿಧಾನ ಓಡುತ್ತಿದೆ ಎಂದು ನಾನು ಒದ್ದಾಡುತ್ತಿದ್ದಾಗ, "ವೈರು ಸಣ್ದಾಯ್ತು ಕಣಮ್ಮಿ. ಬಸ್ಸಲ್ಲಿ ಬ್ಯಾಟ್ರಿ ವೈರು ಎಬ್ಬೆಟ್ ಗಾತ್ರ ಇರ್ತದೆ" ಅಂದರು. ವೋಲ್ಟು ಕಡಿಮೆಯಾದಷ್ಟೂ ವೈರು ದಪ್ಪ ಇರಬೇಕು. ಓಮನ ನಿಯಮವೇ ಅದು, ನಾನು ಬೋರ್ಡಿನ ಮೇಲೆ ನೂರಾರು ಸಲ ಬರೆದದ್ದು. ದಪ್ಪ ವೈರು ಹಾಕಿದ ಕೂಡಲೇ ಪಂಪು ಗಂಟಲು ಸರಿಮಾಡಿಕೊಂಡು ಓಡಿತು. ನನಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು.

ಒಂದು ಮಧ್ಯಾಹ್ನ ನೋಡುತ್ತೇನೆ, ಕುರ್ಚಿ ಖಾಲಿ, ಗಾಡಿಮನೆಯೊಳಗೆ ಪಂಪಿನ ಸದ್ದು. ಹೊರಗೆ ಬಂದವರು ಟೆಸ್ಟ್ ಮಾಡಿದೆ ಅಂದರು. ಮರುದಿನ, ಅವರು ಗೇಟು ದಾಟದಾದಾಗಿನಿಂದ ಓಡಿಸುವವರಿಲ್ಲದೆ ನಿಂತಿದ್ದ ನಮ್ಮ ಹಳೆಯ ಜೀಪು ತೊಳೆದರು. ತಂಗಿಗೆ ತಾವೇ ಫೋನು ಮಾಡಿ ಬರುತ್ತೇವೆ ಅಂದರು. ಆದರೆ ಗಾಡಿಮನೆ ಯಾಕೆಂದು ಅವಳು ಕೇಳಿದ್ದಕ್ಕೆ, ನಿಮ್ಮ ಅತ್ತಿಗೆಗೆ ಬೇರೆಯವರ ಮನೆಯಲ್ಲಿ ನಿದ್ದೆ ಬರೋದಿಲ್ಲ ಎಂದು ನನ್ನ ತಲೆಗೆ ಕಟ್ಟಿದರು. ಗೇಟು ದಾಟಿದರೆ ಸಾಕೆಂದು ನುಂಗಿಕೊಂಡೆ.

ಎಚ್.ಡಿ. ಕೋಟೆ ದಾರಿಯಲ್ಲಿ ಅವರೇ ಜೀಪು ಓಡಿಸಿದರು. ಸರಗೂರು ಮುಟ್ಟುವಷ್ಟರಲ್ಲಿ ಮೂರು ಕಡೆ ನಿಲ್ಲಿಸಿದೆವು. ಚೌಲ್ಟ್ರಿಯ ಹಿಂದೆ ಗಾಡಿಮನೆ ನಿಲ್ಲಿಸಿ, ಹೊರಗಿನ ನಲ್ಲಿಯಿಂದ ಟ್ಯಾಂಕು ತುಂಬಿಸಿದ್ದಾಯಿತು. ಹೆಂಗಸರೆಲ್ಲ ಬಂದು ನೋಡಿ, ಟೀಚರಮ್ಮನಿಗೆ ಎಷ್ಟು ಜಂಬ ನೋಡು ಎಂದು ನನಗೆ ಕೇಳುವಂತೆಯೇ ಹೇಳಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಮುಹೂರ್ತಕ್ಕೆ ಇನ್ನೇನು ಕರೆಯಬೇಕು, ಗಾಡಿಮನೆಯ ಒಳಗಿಂದ ಅವರ ದನಿ ಬಂತು. "ನೀರು ಬರ್ತಿಲ್ಲ ಕಣಮ್ಮಿ." ತೊಳೆದುಕೊಂಡು ಹೊಸ ಪಂಚೆ ಉಡಬೇಕು, ನೀರಿಲ್ಲ. ಆಚೆ ವಾಲಗದ ಸದ್ದು. ಇನ್ನು ಇವರು ಹೊರಗೆ ಬರುವುದಿಲ್ಲ ಎಂದುಕೊಂಡೆ. ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸ್ಪ್ಯಾನರ್ ಹುಡುಕಿ, ಒಳಗೆ ಹೋಗಿ ಬ್ಯಾಟರಿ ಪೆಟ್ಟಿಗೆಯ ಮುಂದೆ ಕೂತೆ. ಬಳೆ, ಹಾರ ಎಲ್ಲ ತೆಗೆದು ಮಂಚದ ಮೇಲೆಸೆದೆ. ಕೊರಳಿಗೆ ಕೈ ಹೋಗುವಷ್ಟರಲ್ಲಿ, ಕಕ್ಕಸಿನ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಅವರ ಕೈ ಮಾತ್ರ ಹೊರಗೆ ಬಂತು, ಅಂಗೈ ಮೇಲಾಗಿ. ತಾಳಿಯನ್ನು ಅದರಲ್ಲಿಟ್ಟೆ.

ದಾರಿಯ ಕುಲುಕಾಟಕ್ಕೆ ಬ್ಯಾಟರಿಯ ತುದಿಗೆ ಕಟ್ಟಿದ್ದ ವೈರು ಸಡಿಲವಾಗಿತ್ತು. ಬಿಗಿ ಮಾಡಿದೆ. ಪಂಪು ಓಡಿತು. ಒಳಗೆ ನೀರು ಬೀಳುವ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು. ಐದು ನಿಮಿಷದಲ್ಲಿ ಅವರು ಪಂಚೆ ಉಟ್ಟು ಬಂದರು. ಹಾರ, ಬಳೆ ಹಾಕಿಕೊಂಡು ಇಬ್ಬರೂ ಮಂಟಪಕ್ಕೆ ಓಡಿದೆವು.

ಧಾರೆಗೆ ಮೊದಲು ಹಿರಿಯ ಮುತ್ತೈದೆಯೊಬ್ಬರು ನನ್ನ ತಾಳಿಗೆ ಅರಿಶಿನ ಕುಂಕುಮ ಮುಟ್ಟಿಸಲು ಬಂದರು. ಹಾರ ಸರಿಸಿದರು, ಸೆರಗು ಸರಿಸಿದರು. "ತಾಳಿ ಎಲ್ಲವ್ವ?" ಅಂದರು. ಮಂಟಪದ ಸುತ್ತ ಇದ್ದವರೆಲ್ಲ ನನ್ನ ಕೊರಳನ್ನೇ ನೋಡಿದರು. ನಾದಿನಿಯ ಮುಖ ಬಿಳಚಿಕೊಂಡಿತು. ನಾನು ಏನಾದರೊಂದು ಸುಳ್ಳು ಹುಡುಕುತ್ತಿದ್ದೆ. ಆಗ ನನ್ನ ಗಂಡ ಶರ್ಟಿನ ಜೇಬಿಗೆ ಕೈ ಹಾಕಿ ತಾಳಿ ತೆಗೆದರು.

"ನನ್ ತಾವ ಅದೆ. ನಂಗೆ ಉಚ್ಚೆ ನಿಲ್ಲಲ್ಲ ಕಣವ್ವ, ಆಪ್ರೇಶನ್ ಆದಾಗಿಂದ. ಅದ್ಕೇ ಆ ಗಾಡಿ ತಂದಿರಾದು. ಈಗ ಅದ್ರ ಪಂಪು ಕೆಟ್ಟೋಗಿತ್ತು, ಇವ್ಳು ರಿಪೇರಿ ಮಾಡುದ್ಲು. ಬ್ಯಾಟ್ರಿ ಮುಟ್ಟುವಾಗ ಕೊಳ್ಳಲ್ಲಿ ಚಿನ್ನ ಇರಬಾರ್ದು" ಅಂದರು. ನನ್ನ ಹಿಂದೆ ಬಂದು ನಿಂತು, ಕೊಂಡಿ ಹಾಕುತ್ತಾ, ತಂಗಿಯ ಕಡೆ ನೋಡಿ ಇನ್ನೊಂದು ಮಾತು ಸೇರಿಸಿದರು. "ಬೇರೆಯವ್ರ ಮನೇಲಿ ನಿದ್ದೆ ಬರಲ್ಲ ಅಂದಿದ್ದು ಸುಳ್ಳು. ಪಿರಿಯಾಪಟ್ಣದಲ್ಲಿ ಇವ್ಳು ಮಜ್ಜಿಗೆ ಚೆಲ್ಲಿದ್ದೂ ಬೇಕಂತ್ಲೇ."

ಅವರಿಗೆ ಅದು ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು.

ಯಾರೂ ನಗಲಿಲ್ಲ. ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಐನೋರು ಮಂತ್ರ ಮುಂದುವರಿಸಿದರು, ನನ್ನ ಗಂಡ ಮದುಮಕ್ಕಳ ಕೈ ಹಿಡಿದರು, ನಾನು ನೀರು ಬಿಟ್ಟೆ, ಧಾರೆ ಆಯಿತು.

ಊಟಕ್ಕೆ ಕೂರುವ ಹೊತ್ತಿಗೆ ಗಂಡಿನ ಅಪ್ಪ ಮೆಲ್ಲಗೆ ನಮ್ಮ ಹತ್ತಿರ ಬಂದು, ಆ ಗಾಡಿ ಎಲ್ಲಿ ನಿಲ್ಲಿಸಿದ್ದೀರಿ ಎಂದು ನನ್ನ ಗಂಡನ ಕಿವಿಯಲ್ಲಿ ಕೇಳಿದರು. ಇವರು ಅವರ ಕೈ ಹಿಡಿದು ಕರೆದುಕೊಂಡು ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಾನು ಹೋಗಿ ನೋಡಿದರೆ, ಗಾಡಿಮನೆಯ ಮುಂದೆ ಇನ್ನೂ ನಾಲ್ವರು ವಯಸ್ಸಾದವರು ಸಾಲಾಗಿ ನಿಂತಿದ್ದರು. ನನ್ನ ಗಂಡ ಬಾಗಿಲಲ್ಲಿ ನಿಂತು, ಮೊದಲು ನೀರು ಬಿಡುವ ಪೆಡಲ್ ಒತ್ತಬೇಕು, ಆಮೇಲೂ ಒತ್ತಬೇಕು ಎಂದು ಒಬ್ಬೊಬ್ಬರಿಗೂ ತಿಳಿಸಿ ಹೇಳುತ್ತಿದ್ದರು. ಟ್ಯಾಂಕು ಅವತ್ತು ಮಧ್ಯಾಹ್ನಕ್ಕೇ ಬರಿದಾಯಿತು. ಹೊರಗಿನ ನಲ್ಲಿಯೂ ಅಷ್ಟರಲ್ಲಿ ನಿಂತುಹೋಗಿತ್ತು. ಅಡುಗೆಮನೆಯ ತೊಟ್ಟಿಯಿಂದ ಕೊಡ ಹೊತ್ತು ತಂದು ತುಂಬಿಸಿದವರು ಬೀಗರೇ.