ತವರೂರಿನ ಚೀಟಿಗಳು

ಹರಿಹರದ ಒಂದು ಹೆರಿಗೆ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ನಿವೃತ್ತಿಯಾಗುವ ತನಕ ದುಡಿದವಳು ನಾನು. ಕಳೆದ ವರ್ಷ ದಾವಣಗೆರೆಯಲ್ಲಿ ‘ಇನ್ಫರ್ಮೇಷನ್ ಆರ್ಕಿಟೆಕ್ಚರ್’ ಹಬ್ಬ ಅಂತ ಮಾಡಿದರು. ಮಾಹಿತಿಯನ್ನು ಬೇಕಾದವರ ಕೈಗೆ ತಟ್ಟನೆ ಸಿಗುವ ಹಾಗೆ ಜೋಡಿಸುವ ವಿದ್ಯೆಯಂತೆ. ಉಚಿತ, ಯಾರು ಬೇಕಾದರೂ ಬರಬಹುದು. ಜೀವಮಾನವಿಡೀ ಮಾಡಿದ್ದಕ್ಕೆ ಇಷ್ಟು ದೊಡ್ಡ ಹೆಸರಿದೆಯಲ್ಲ ಎಂದು ಹಿಗ್ಗಿ, ಒಳ್ಳೆಯ ಸೀರೆ ಉಟ್ಟು ಬಸ್ ಹತ್ತಿದೆ.

ಭಾಷಣಕ್ಕೆ ನಿಂತವಳು ತುಂಬು ಗರ್ಭಿಣಿ. ಆಸ್ಪತ್ರೆಗಳ ಕಡತಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸದವಳು. ಎರಡನೇ ಚಿತ್ರ ಬಂತು. ಪರದೆಯ ಮೇಲೆ ನನ್ನ ಕಪಾಟು! ಹಳೇ ಸೀರೆಯಂಚಿನಲ್ಲಿ ಕಟ್ಟಿದ ಕಡತಗಳ ಗಂಟುಗಳು, ಅವುಗಳ ಮೇಲೆ ಕಡರನಾಯಕನಹಳ್ಳಿ, ಉಕ್ಕಡಗಾತ್ರಿ ಎಂದು ಸುತ್ತಲ ಊರುಗಳ ಹೆಸರು ಬರೆದ, ನನ್ನದೇ ಕೈಬರಹದ ಚೀಟಿಗಳು.

“ಒಂದಕ್ಕೊಂದು ತಾಳಮೇಳನೇ ಇರಲಿಲ್ಲ ನೋಡ್ರಿ. ವಿಳಾಸ ರಾಣೆಬೆನ್ನೂರಿಂದು, ಫೈಲು ಉಕ್ಕಡಗಾತ್ರಿ ಗಂಟ್ನಾಗೆ!” ಅಂದಳು. ಸಭೆ ಗೊಳ್ಳೆಂದಿತು. “ಈಗ ಎಲ್ಲಾ ಆಧಾರ್ ವಿಳಾಸದ ಪ್ರಕಾರ ಐತೆ.”

ಮೈಯೆಲ್ಲ ಉರಿದುಹೋಯಿತು. ತಾಳಮೇಳ ಇಲ್ಲವಂತೆ! ನಮ್ಮ ಕಡೆ ಹೆಣ್ಣುಮಕ್ಕಳು ಏಳನೇ ತಿಂಗಳಿಗೇ ತವರಿಗೆ ಬರುತ್ತಾರೆ. ತಪಾಸಣೆ, ಹೆರಿಗೆ ಎಲ್ಲ ಇಲ್ಲೇ. ನೋವು ತಿನ್ನುತ್ತಾ ಬಂದವಳಿಗೆ ಮಾತು ಹೊರಡುವುದಿಲ್ಲ, ಗಡಿಬಿಡಿಯಲ್ಲಿ ತಪಾಸಣೆಯ ಕಾರ್ಡು ಮನೆಯಲ್ಲೇ ಉಳಿದಿರುತ್ತದೆ. ಹೆಸರು ಕೇಳಿದರೆ ಅದೇ ಹೆಸರಿನವರು ಹತ್ತು ಜನ. ಜೊತೆಗಿರುವ ತಾಯಿಯ ಬಾಯಿಗೆ ಬರುವುದು ತನ್ನ ಊರು ಒಂದೇ. ಅದಕ್ಕೇ ಕಡತಗಳನ್ನೆಲ್ಲ ತವರೂರಿನ ಹೆಸರಲ್ಲಿ ಕಟ್ಟಿಟ್ಟಿದ್ದೆ. ರಕ್ತದ ಗುಂಪು, ಹಿಂದಿನ ಹೆರಿಗೆಯ ತೊಂದರೆ ಎಲ್ಲಾ ಅದರಲ್ಲಿರುತ್ತದೆ. ಅದು ಸಿಗುವುದು ತಡವಾದರೆ ಏನಾಗುತ್ತದೆಂದು ನಕ್ಕವರಲ್ಲಿ ಒಬ್ಬರಿಗಾದರೂ ಗೊತ್ತಿತ್ತೇ?

ಎದ್ದು ನಿಂತೆ.

“ಅದು ನನ್ನ ಕಪಾಟವ್ವಾ. ಒಂದು ಮಾತು ಕೇಳ್ತೀನಿ. ನೀನು ಹೆರಿಗೆಗೆ ಎಲ್ಲಿಗೆ ಬಂದೀಯ?”

“ಅಮ್ಮನ ಮನಿಗೆ ರೀ. ಇಲ್ಲೇ ಶಾಮನೂರು.”

“ಆಧಾರ್‌ನಾಗೆ ಯಾವ ಊರೈತೆ?”

“ಮೈಸೂರು... ನಮ್ಮನೆಯವರದು.”

“ನಾಳೆ ನಿಂಗೆ ನೋವು ಬಂದ್ರೆ, ನಿಮ್ಮಮ್ಮ ಕೌಂಟರ್‌ನಾಗೆ ಯಾವ ಊರು ಹೇಳ್ತಾಳೆ?”

ಈ ಸಲ ಯಾರೂ ನಗಲಿಲ್ಲ. ಅವಳು ಮೈಕ್ ಇಟ್ಟು ಕೆಳಗಿಳಿದು ಬಂದು ನನ್ನ ಪಕ್ಕ ಕೂತಳು.

“ನಮಗೆ ಯಾರೂ ಹೇಳ್ಲಿಲ್ಲ ರೀ.”

“ನೀವು ಯಾರನ್ನ ಕೇಳಿದ್ರಿ?”

“ತವರೂರಿಗೂ ಒಂದು ಕಾಲಂ ಮಾಡ್ತೀವಿ. ಹಳೇ ಫೈಲಿಂದ ತುಂಬಿಸಿದ್ರಾತು” ಅಂದಳು.

ಯಾವ ಹಾಳೆಯಿಂದ ತುಂಬಿಸುತ್ತಾರೆ? ಆಸ್ಪತ್ರೆಯ ಫಾರಮ್ಮಿನಲ್ಲಿ ಗಂಡನ ಹೆಸರಿಗೆ, ಗಂಡನ ಮನೆಗೆ ಜಾಗವಿತ್ತೇ ಹೊರತು ತವರಿಗೆ ಒಂದು ಗೆರೆಯೂ ಇರಲಿಲ್ಲ. ಅದು ಇದ್ದದ್ದು ನನ್ನ ಚೀಟಿಗಳ ಮೇಲೆ ಮಾತ್ರ.

“ಆ ಚೀಟಿ ಏನು ಮಾಡಿದ್ರಿ?” ಎಂದೆ.

“ಒಳಗಿನ ಹಾಳೆ ಅಷ್ಟೇ ಸ್ಕ್ಯಾನ್ ಮಾಡಿ, ಚೀಟಿ ರದ್ದಿಗೆ ಹಾಕಿದ್ವಿ ರೀ” ಅಂದಳು.